ಗೋಡೆಯ ಗಡಿಯಾರದ ಬೆಲೆ

ಮನೆಯ ಸಾಮಾನುಗಳಲ್ಲಿ ಬೆಲೆಕಟ್ಟುವುದಕ್ಕೆ ಸುಲಭವಾದುವು ಕೆಲವು, ಕಷ್ಟವಾದುವು ಕೆಲವು. ಬಂಗಾರವನ್ನು ಒರೆಗೆ ಹಚ್ಚಿ ತೂಗಿದರೆ ತೀರಿತು. ತಾಮ್ರ ಹಿತ್ತಾಳೆಗಳ ಪಾತ್ರೆಗೆ ತೂಕವೇ ಬೆಲೆ. ಗದ್ದೆಗೆ ಎಕರೆಯ ಲೆಕ್ಕ, ಹಸುವಿಗೆ ಹಾಲಿನ ಲೆಕ್ಕ. ಆದರೆ ತಾತಂದಿರ ಕಾಲದಿಂದ ನಡುಮನೆಯ ಗೋಡೆಯ ಮೇಲಿದ್ದು, ಮೂರು ತಲೆಮಾರಿನವರಿಗೆ ಹೊತ್ತು ತಿಳಿಸಿದ ಒಂದು ಸಾಧಾರಣ ಗಡಿಯಾರಕ್ಕೆ ಎಷ್ಟು ಬೆಲೆ ಕಟ್ಟಬೇಕೆಂಬುದು ಅಷ್ಟು ಸುಲಭದ ಮಾತಲ್ಲ. ಅದು ಹಳೆಯದು, ಆದಕಾರಣ ಬಹು ಬೆಲೆಯುಳ್ಳದ್ದೆಂದು ಒಬ್ಬರು ತಿಳಿಯುತ್ತಾರೆ. ಅದು ಹಳೆಯದು, ಆದಕಾರಣ ಗುಜರಿಗೆ ಹಾಕತಕ್ಕದ್ದೆಂದು ಮತ್ತೊಬ್ಬರು ತಿಳಿಯುತ್ತಾರೆ. ಒಂದೇ ಹೇತುವಿನಿಂದ ಎರಡು ವಿರುದ್ಧವಾದ ಸಾಧ್ಯಗಳನ್ನು ಸಾಧಿಸಹೊರಟರೆ ಅದು ಹೇತುವಲ್ಲ, ಹೇತ್ವಾಭಾಸವೆಂದು ತರ್ಕವನ್ನು ಓದಿದವರು ಬಲ್ಲರು. ಹಳೆಯದೆಂಬ ಒಂದು ಮಾತಿನಿಂದ ಗಡಿಯಾರದ ಬೆಲೆ ಗೊತ್ತಾಗುವುದಿಲ್ಲ. ಬೇರೆ ಏನನ್ನೋ ನೋಡಬೇಕು.

ಈಚೆಗೆ ಇಂಥ ಒಂದು ಪಂಚಾಯತಿಕೆ ನಮ್ಮ ಕೊರಳಿಗೆ ಬಿದ್ದಿತು. ನಮ್ಮ ಬೀದಿಯ ಮನೆಯೊಂದರಲ್ಲಿ ಯಜಮಾನರು ತೀರಿಕೊಂಡು ವರ್ಷ ತುಂಬಿತ್ತು. ಗಂಡುಮಕ್ಕಳಿಬ್ಬರು, ಇಬ್ಬರೂ ಒಂದು ಕಾಲಕ್ಕೆ ನಮ್ಮ ಮುಂದೆ ಕುಳಿತು ಶಬ್ದರೂಪಗಳನ್ನು ಒಪ್ಪಿಸಿದವರು. ಹಿರಿಯವನು ತಾಯಿಯೊಡನೆ ಊರಿನಲ್ಲಿಯೇ ಇದ್ದಾನೆ. ಕಿರಿಯವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಜಮೀನು, ಮನೆ, ಒಡವೆ, ಪಾತ್ರೆಪಡಗ ಎಲ್ಲವೂ ಮಾತಿಲ್ಲದೆ ಎರಡು ಪಾಲಾಯಿತು. ಕಡೆಗೆ ಉಳಿದದ್ದು ನಡುಮನೆಯ ಗಡಿಯಾರ. ಯಾರೋ ಇಂಥದೇ ಗಡಿಯಾರವನ್ನು ಎರಡು ಲಕ್ಷ ರೂಪಾಯಿಗೆ ಮಾರಾಟಕ್ಕಿಟ್ಟಿರುವುದನ್ನು ಕಿರಿಯವನು ತನ್ನ ಮೊಬೈಲಿನಲ್ಲಿ ಕಂಡಿದ್ದನು. ಹಿರಿಯವನಾದರೋ, ಅದು ತಮ್ಮ ಮುತ್ತಜ್ಜನವರಿಗೆ ಮೈಸೂರಿನ ಅರಮನೆಯಿಂದ ಬಹುಮಾನವಾಗಿ ಬಂದದ್ದೆಂದೂ ಅದಕ್ಕೆ ಬೆಲೆಯನ್ನೇ ಕಟ್ಟಬಾರದೆಂದೂ ಹೇಳುತ್ತಿದ್ದನು. ಬೆಲೆಕಟ್ಟಲಾಗದ ವಸ್ತುವಾದರೆ ಅದರಲ್ಲಿಯೂ ಅರ್ಧ ತನ್ನದೆಂದು ಕಿರಿಯವನ ವಾದ. ಮಾತಿಗೆ ಮಾತು ಬೆಳೆಯಿತು. ಒಬ್ಬನಿಗೆ ತಿಳಿಯದಂತೆ ಇನ್ನೊಬ್ಬನು ಸಾಗಿಸಿಬಿಟ್ಟಾನೆಂಬ ಶಂಕೆಯಿಂದ ಗಡಿಯಾರವನ್ನು ಗೋಡೆಯಿಂದ ಇಳಿಸಿ, ಬೀರುವಿನಲ್ಲಿಟ್ಟು, ಬೀಗದಕೈಯನ್ನು ಸೋದರಮಾವನ ವಶಕ್ಕೆ ಕೊಟ್ಟರು. ಅಣ್ಣತಮ್ಮಂದಿರಲ್ಲಿ ಮಾತು ನಿಂತುಹೋಯಿತು.

ಹೀಗೆ ಒಂದು ತಿಂಗಳು ಕಳೆದ ಮೇಲೆ ಇಬ್ಬರೂ ಬೇರೆಬೇರೆಯಾಗಿ ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ತಾವೇ ನೋಡಿ ಒಂದು ಬೆಲೆ ಹೇಳಿಬಿಡಿ. ತಾವು ಹೇಳಿದ್ದಕ್ಕೆ ನಾವು ಎದುರಾಡುವುದಿಲ್ಲ” ಎಂದರು. ಶಾಲೆಯ ಗಡಿಯಾರಕ್ಕೆ ಮೂವತ್ತು ವರ್ಷ ಕೀಲಿ ಕೊಟ್ಟು, ಅದು ನಿಂತಾಗಲೆಲ್ಲ ರಿಪೇರಿಯವನ ಪಕ್ಕದಲ್ಲಿ ಕುಳಿತು ನೋಡಿದ್ದೇ ಈ ವಿಷಯದಲ್ಲಿ ನಮ್ಮ ಯೋಗ್ಯತೆ. ಆದರೂ ಒಂದು ಮನೆಯ ಜಗಳ ತೀರುವುದಾದರೆ ತೀರಲಿ ಎಂದು ಒಪ್ಪಿಕೊಂಡೆವು.

ವಸ್ತುವಿನ ಬೆಲೆ ಹೇಳುವುದಕ್ಕೆ ಮೊದಲು ಅದರ ಕುಲಗೋತ್ರಗಳನ್ನು ತಿಳಿಯಬೇಕಷ್ಟೆ. ನಮ್ಮ ಹಿರಿಯರು ಕಾಲವನ್ನು ಅಳೆದದ್ದು ಗಳಿಗೆಬಟ್ಟಲಿನಿಂದ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟು ಹೊತ್ತಿಗೆ ಒಂದು ಗಳಿಗೆ; ಅಹೋರಾತ್ರಕ್ಕೆ ಅರವತ್ತು ಗಳಿಗೆ; ಆದುದರಿಂದ ಈಗಿನ ಲೆಕ್ಕದಲ್ಲಿ ಒಂದು ಗಳಿಗೆಗೆ 24 ನಿಮಿಷ. ಸೂರ್ಯಸಿದ್ಧಾಂತದಲ್ಲಿ ಈ ಯಂತ್ರದ ಲಕ್ಷಣವನ್ನು ಹೇಳಿದೆ. ಗಡಿಯಾರವೆಂಬ ನಮ್ಮ ಮಾತು ಕೂಡ ಈ ಘಟಿಯ ಸಂತಾನವೇ. ಯೂರೋಪಿನಲ್ಲಿ ತೂಗುವ ಲೋಲಕವನ್ನು ಗಡಿಯಾರಕ್ಕೆ ಜೋಡಿಸಿ ಕಾಲವನ್ನು ನೆಟ್ಟಗೆ ಅಳೆಯುವಂತೆ ಮಾಡಿದವನು ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್. ಅದು 1656ರ ಮಾತು. ಆ ಬಳಿಕ ನೂರೈವತ್ತು ವರ್ಷಗಳ ಕಾಲ ಒಳ್ಳೆಯ ಗಡಿಯಾರವೆಂಬುದು ಕುಶಲಿಯಾದ ಕೆಲಸಗಾರನೊಬ್ಬನು ತಿಂಗಳುಗಟ್ಟಲೆ ಕುಳಿತು, ಒಂದೊಂದು ಹಲ್ಲನ್ನೂ ಅರದಿಂದ ಉಜ್ಜಿ ಮಾಡಿದ ವಸ್ತುವಾಗಿತ್ತು. ಅದು ಶ್ರೀಮಂತರ ಮನೆಗೆ ಸೇರತಕ್ಕದ್ದು.

ಈ ಕ್ರಮವನ್ನು ತಲೆಕೆಳಗು ಮಾಡಿದ್ದು ಅಮೆರಿಕಾದ ಕನೆಕ್ಟಿಕಟ್ ಪ್ರಾಂತ. ಅಲ್ಲಿಯ ಈಲೈ ಟೆರಿ ಎಂಬವನು 1807ರಲ್ಲಿ ಮರದ ಹಲ್ಲುಚಕ್ರಗಳುಳ್ಳ 4,000 ಗಡಿಯಾರಯಂತ್ರಗಳನ್ನು ಮೂರು ವರ್ಷದಲ್ಲಿ ಮಾಡಿಕೊಡುವುದಾಗಿ ಕರಾರು ಮಾಡಿಕೊಂಡಾಗ ನೆರೆಹೊರೆಯವರು ನಕ್ಕಿರಬೇಕು. ಅವನು ಮೊದಲನೆಯ ವರ್ಷವನ್ನೆಲ್ಲ ಗಡಿಯಾರ ಮಾಡುವುದರಲ್ಲಿ ಕಳೆಯದೆ, ಗಡಿಯಾರದ ಭಾಗಗಳನ್ನು ಕೊರೆಯುವ ಯಂತ್ರಗಳನ್ನು ಮಾಡುವುದರಲ್ಲಿ ಕಳೆದನು. ಉಳಿದ ಎರಡು ವರ್ಷಗಳಲ್ಲಿ ಕರಾರನ್ನು ತೀರಿಸಿದನು. ಒಂದು ಗಡಿಯಾರದ ಚಕ್ರವನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ ಅದು ಅಲ್ಲಿಯೂ ಕೂಡುವಂತಾಯಿತು. ಮುಂದೆ ಮರ ಹೋಗಿ, ಹಿತ್ತಾಳೆಯ ತಗಡಿನಿಂದ ಚಕ್ರಗಳನ್ನು ಅಚ್ಚಿನಲ್ಲಿ ಕತ್ತರಿಸತೊಡಗಿದರು. ಈ ಹಿತ್ತಾಳೆಯ ಗಡಿಯಾರಗಳನ್ನು ಚಾನ್ಸಿ ಜೆರೋಮ್ ಎಂಬ ವರ್ತಕನು 1842ರಲ್ಲಿ ಹಡಗಿಗೆ ಹೇರಿ ಇಂಗ್ಲೆಂಡಿಗೆ ಕಳುಹಿಸಿದಾಗ ನಡೆದ ಸಂಗತಿ ನಮ್ಮ ಪ್ರಕೃತ ವಿಷಯಕ್ಕೆ ಬಹಳ ಹೊಂದುತ್ತದೆ. ಅಲ್ಲಿಯ ಸುಂಕದ ಅಧಿಕಾರಿಗಳು ಪಟ್ಟಿಯಲ್ಲಿದ್ದ ಬೆಲೆಯನ್ನು ನೋಡಿ, ಗಡಿಯಾರವೊಂದು ಇಷ್ಟು ಅಗ್ಗವಾಗಿರಲಾರದೆಂದೂ ಸುಂಕವನ್ನು ತಪ್ಪಿಸುವುದಕ್ಕಾಗಿ ಕಡಮೆ ಬೆಲೆ ಬರೆದಿದ್ದಾನೆಂದೂ ನಿಶ್ಚಯಿಸಿದರು. ಅಂಥ ಸಂದರ್ಭದಲ್ಲಿ ಬರೆದ ಬೆಲೆಯ ಮೇಲೆ ಶೇಕಡ ಹತ್ತನ್ನು ಸೇರಿಸಿ ಕೊಟ್ಟು, ಸರಕನ್ನು ಸರ್ಕಾರವೇ ಕೊಂಡುಬಿಡುವುದಕ್ಕೆ ಅಲ್ಲಿಯ ಕಾನೂನಿನಲ್ಲಿ ಅವಕಾಶವಿತ್ತು, ಹಾಗೆಯೇ ಕೊಂಡರು. ಜೆರೋಮನಿಗೆ ಪರಮಾನಂದವಾಯಿತು. ಒಡನೆಯೇ ಇನ್ನೊಂದು ಹಡಗಿನ ಸರಕನ್ನು ಕಳುಹಿಸಿದನು, ಅದನ್ನೂ ಕೊಂಡರು. ಮೂರನೆಯ ಸಲ ಅಧಿಕಾರಿಗಳಿಗೆ ಬುದ್ಧಿ ಬಂದು ಸರಕನ್ನು ಸುಮ್ಮನೆ ಬಿಟ್ಟುಕೊಟ್ಟರು. ಗಡಿಯಾರವೆಂದರೆ ದುಬಾರಿಯ ವಸ್ತುವೆಂಬ ಹಳೆಯ ಎಣಿಕೆಯಿಂದ ಹೊಸ ವಸ್ತುವಿಗೆ ಬೆಲೆ ಕಟ್ಟಿದ್ದೇ ಅವರ ತಪ್ಪು. ನಮ್ಮ ಅಣ್ಣತಮ್ಮಂದಿರ ತಪ್ಪೂ ಇದೇ ಜಾತಿಯದು.

ಅಮೆರಿಕಾದ ದಾರಿಯನ್ನು ಉಳಿದವರೂ ಹಿಡಿದರು. ಜರ್ಮನಿಯ ಶ್ರಾಂಬರ್ಗ್ ಎಂಬ ಊರಿನಲ್ಲಿ ಯೂಂಗ್‌ಹಾನ್ಸ್ ಕಾರ್ಖಾನೆ 1861ರಲ್ಲಿ ಹುಟ್ಟಿ, 1903ರ ಹೊತ್ತಿಗೆ ಗಡಿಯಾರದ ಕಾರ್ಖಾನೆಗಳಲ್ಲಿ ಜಗತ್ತಿಗೇ ದೊಡ್ಡದಾಯಿತು. ಜಪಾನಿನಲ್ಲಿ ಕಿಂಟಾರೋ ಹಟ್ಟೋರಿ ಎಂಬವನು 1892ರಲ್ಲಿ ಸೈಕೋಶಾ ಕಾರ್ಖಾನೆಯನ್ನು ತೆರೆದು ಗೋಡೆಗಡಿಯಾರಗಳಿಂದಲೇ ಆರಂಭಮಾಡಿದನು. ಇತ್ತ ನಮ್ಮ ದೇಶದಲ್ಲಿ ರೈಲು, ಕಚೇರಿ, ಶಾಲೆಗಳು ಬಂದು, ಗಳಿಗೆಯ ಲೆಕ್ಕ ಪಂಚಾಂಗಕ್ಕೆ ಉಳಿದು, ಗಂಟೆಯ ಲೆಕ್ಕ ಬೀದಿಗೆ ಬಂದಿತು. 1906ರ ಜನವರಿ 1ರಿಂದ ದೇಶಕ್ಕೆಲ್ಲ ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಒಂದೇ ಕಾಲಮಾನ ಗೊತ್ತಾಯಿತು; ಕಲ್ಕತ್ತೆಯೂ ಮುಂಬಯಿಯೂ ಮಾತ್ರ ತಮ್ಮ ತಮ್ಮ ಕಾಲವನ್ನು ಕ್ರಮವಾಗಿ 1948ರ ಮತ್ತು 1955ರ ವರೆಗೆ ಬಿಡಲಿಲ್ಲ. ಈ ಕಾಲದಲ್ಲಿಯೇ ಅಮೆರಿಕಾ, ಜರ್ಮನಿ, ಜಪಾನುಗಳ ಗಡಿಯಾರಗಳು ಹಡಗುಗಟ್ಟಲೆ ಬಂದು ರೈಲುನಿಲ್ದಾಣ, ತಾಲ್ಲೂಕು ಕಚೇರಿ, ಜಮೀನುದಾರರ ತೊಟ್ಟಿಯಮನೆ ಇವುಗಳ ಗೋಡೆಗಳನ್ನು ಏರಿದವು. ಇಂದಿಗೂ ಅವು ಊರೂರುಗಳಲ್ಲಿ ಇವೆ. ಹಳಮೆ ಬೇರೆ, ವಿರಳತೆ ಬೇರೆ. ಪೇಟೆ ಹಣ ಕೊಡುವುದು ಎರಡನೆಯದಕ್ಕೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಗಡಿಯಾರವನ್ನು ಬೆಳಕಿಗೆ ತಂದೆವು. ಮೇಲೆ ಎಂಟು ಮೂಲೆಯ ಚೌಕಟ್ಟು, ನಡುವೆ ದುಂಡುಮುಖ, ಕೆಳಗೆ ಲೋಲಕ ಕಾಣುವಂತೆ ಗಾಜಿನ ಬಾಗಿಲುಳ್ಳ ಸಣ್ಣ ಪೆಟ್ಟಿಗೆ. ಮುಖದಲ್ಲಿ ಕೀಲಿಯ ತೂತುಗಳು ಎರಡು. ತೂತು ಒಂದೇ ಆಗಿದ್ದರೆ ಗಡಿಯಾರವು ಹೊತ್ತನ್ನು ತೋರಿಸುತ್ತದೆ, ಅಷ್ಟೆ. ಎರಡಿದ್ದರೆ ಗಂಟೆಯನ್ನೂ ಬಡಿಯುತ್ತದೆ. ಮೂರಿದ್ದರೆ ಕಾಲುಗಂಟೆಗೊಮ್ಮೆ ನಾದಮಾಡುತ್ತದೆ. ಇದು ವಾರಕ್ಕೊಮ್ಮೆ ಕೀಲಿ ಕೊಡತಕ್ಕ, ಎಂಟು ದಿನ ನಡೆಯತಕ್ಕ ಜಾತಿಯದು. ವಾಚಕರ ಮನೆಯಲ್ಲಿಯೂ ಇಂಥದೊಂದು ಇದ್ದರೆ ಪರೀಕ್ಷಿಸುವ ಕ್ರಮ ತಿಳಿದಿರಲೆಂದು ನಾವು ನೋಡಿದ್ದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲು ಮರ. ಪೆಟ್ಟಿಗೆ ಗಟ್ಟಿ ಬೀಟೆಯದೆಂದು ಮನೆಯವರ ನಂಬಿಕೆ. ಆದರೆ ಬಾಗಿಲಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದ ಕಡೆ ನೋಡಲಾಗಿ, ಮೇಲೆ ಕಾಗದಕ್ಕಿಂತ ಸ್ವಲ್ಪ ದಪ್ಪವಾದ ಬೀಟೆಯ ಹೊದಿಕೆ, ಒಳಗೆ ಬಿಳಿಚಿಕೊಂಡ ಹಗುರವಾದ ಮರ. ಇದು ಮೋಸವಲ್ಲ; ಅಗ್ಗದ ಗಡಿಯಾರಗಳನ್ನು ಕಾರ್ಖಾನೆಯವರು ಮಾಡುತ್ತಿದ್ದುದೇ ಹೀಗೆ. ಹುಳು ಕೊರೆದ ತೂತುಗಳಿದ್ದರೆ ಅವುಗಳಿಂದ ಹೊಸ ಹುಡಿ ಉದುರುತ್ತಿದೆಯೇ ಎಂದು ನೋಡಬೇಕು. ಉದುರುತ್ತಿದ್ದರೆ ಹುಳು ಇನ್ನೂ ಜೀವದಿಂದಿದೆಯೆಂದು ಅರ್ಥ. ಇಲ್ಲಿ ಉದುರಲಿಲ್ಲ. ಬೆನ್ನಿನ ಹಲಗೆಯ ಮೇಲೆ ಬಿಳಿಯ ಬಣ್ಣದಲ್ಲಿ 17 ಎಂಬ ಅಂಕೆ ಮಸುಕಾಗಿ ಕಾಣುತ್ತಿತ್ತು. ಅದೇನೆಂದು ಆಗ ನಮಗೆ ಹೊಳೆಯಲಿಲ್ಲ.

ಎರಡನೆಯದು ಮುಖ. ನೂರು ವರ್ಷದ ಮುಖ ಹಾಲಿನಂತೆ ಬೆಳ್ಳಗಿದ್ದರೆ ಸಂಶಯಪಡಬೇಕು. ಇಲ್ಲಿಯ ಮುಖವು ತಗಡಿನ ಮೇಲೆ ಅಂಟಿಸಿದ ಹೊಸ ಕಾಗದ. ಅದರ ತೂತುಗಳು ಕೀಲಿ ಹಾಕುವ ಕಡ್ಡಿಗೆ ಸರಿಯಾಗಿ ಬಾರದೆ ಒಂದು ಕೂದಲೆಳೆ ಪಕ್ಕಕ್ಕಿದ್ದವು. ಮೂಲದ ಮುಖ ಕೊಳೆಯಾಗಿದ್ದರೂ ಹಾಗೆಯೇ ಉಳಿದಿದ್ದರೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ. ಆದಕಾರಣ ಮನೆಯಲ್ಲಿ ಹಳೆಯ ಗಡಿಯಾರವಿದ್ದವರು ಅದರ ಮುಖಕ್ಕೆ ಬಣ್ಣ ಹೊಡೆಯಿಸುವುದನ್ನೂ ಹೊಸ ಕಾಗದ ಅಂಟಿಸುವುದನ್ನೂ ಮಾಡದಿರುವುದು ಒಳ್ಳೆಯದು. ಈಗಿನ ಪೇಟೆಯಲ್ಲಿ ಹೊಸ ಮುಖಕ್ಕೆ ಹಳೆಯ ಕಾರ್ಖಾನೆಯ ಹೆಸರನ್ನು ಅಚ್ಚೊತ್ತಿ, ಹೊಸ ಪೆಟ್ಟಿಗೆಯಲ್ಲಿಟ್ಟು ಪುರಾತನವೆಂದು ಮಾರುವವರೂ ಉಂಟು. ಮುಖದ ಮೇಲಿನ ಹೆಸರು ಸಾಕ್ಷಿಯಾಗಲಾರದು.

ಮೂರನೆಯದು, ಸಾಕ್ಷಿಯಾಗತಕ್ಕ ಯಂತ್ರ. ಮುಖವನ್ನು ಬಿಚ್ಚಿ ಒಳಗಿನ ಹಿತ್ತಾಳೆಯ ತಗಡನ್ನು ನೋಡಿದಾಗ ಅನ್ಸೋನಿಯಾ ಕ್ಲಾಕ್ ಕಂಪನಿಯ ಹೆಸರೂ ನ್ಯೂಯಾರ್ಕ್ ಎಂಬ ಊರೂ 1882 ಎಂಬ ವರ್ಷವೂ ಒತ್ತಿದ್ದುದು ಕಂಡಿತು. “ನೋಡಿದಿರಾ ಮೇಷ್ಟ್ರೇ, 1882! ಚಾಮರಾಜೇಂದ್ರ ಒಡೆಯರ ಕಾಲ!” ಎಂದು ಹಿರಿಯವನು ಹಿಗ್ಗಿದನು. ಆದರೆ ಆ ವರ್ಷದ ಪಕ್ಕದಲ್ಲಿದ್ದ ಮಾತು ಪೇಟೆಂಟು, ಎಂದರೆ ಸ್ವಾಮ್ಯದ ಹಕ್ಕು ದೊರೆತ ಕಾಲ. ಒಂದು ವರ್ಷದಲ್ಲಿ ಹಕ್ಕು ಪಡೆದ ಯಂತ್ರವನ್ನು ಅದೇ ಅಚ್ಚಿನಲ್ಲಿ ಬಹು ವರ್ಷಗಳವರೆಗೆ ಒತ್ತುತ್ತಲೇ ಇರಬಹುದು. ಹಳೆಯ ಗಡಿಯಾರಗಳ ವಯಸ್ಸನ್ನು ಹೇಳುವಲ್ಲಿ ಜನರು ಮಾಡುವ ತಪ್ಪುಗಳಲ್ಲಿ ಇದೇ ಮುಖ್ಯವಾದದ್ದು. ಅನ್ಸೋನಿಯಾ ಕಂಪನಿ ಕನೆಕ್ಟಿಕಟ್ಟಿನ ಅದೇ ಹೆಸರಿನ ಊರಿನಲ್ಲಿ ಆರಂಭವಾಗಿ, ನ್ಯೂಯಾರ್ಕಿಗೆ ಸೇರಿದ ಬ್ರೂಕ್ಲಿನ್ನಿಗೆ ಬಂದು, 1929ರಲ್ಲಿ ತನ್ನ ಯಂತ್ರಸಾಮಗ್ರಿಯನ್ನೆಲ್ಲ ಸೋವಿಯತ್ ರಷ್ಯಕ್ಕೆ ಮಾರಿ ಮುಚ್ಚಿತು. ಆದುದರಿಂದ ಈ ಗಡಿಯಾರ ಹುಟ್ಟಿದ್ದು 1882ಕ್ಕೂ 1929ಕ್ಕೂ ನಡುವೆ. ಅದಕ್ಕಿಂತ ಹೆಚ್ಚಾಗಿ ಆ ಅಂಕೆ ಹೇಳುವುದಿಲ್ಲ. ದೇಶದ ಹೆಸರೂ ಹೀಗೆಯೇ ಒಂದು ಗುರುತು. ತಯಾರಾದ ದೇಶವನ್ನು ಕಾಣಿಸುವ ಪದ್ಧತಿ ಬ್ರಿಟನ್ನಿನ 1887ರ ಕಾಯಿದೆಯಿಂದ ಹಬ್ಬಿದ್ದು. ಜರ್ಮನಿಯಲ್ಲಿ ತಯಾರಾದದ್ದೆಂಬ ಮುದ್ರೆಯಿದ್ದರೆ ಗಡಿಯಾರವು ಬಹುಮಟ್ಟಿಗೆ ಆಮೇಲಿನದು. ಪಶ್ಚಿಮ ಜರ್ಮನಿ ಎಂದಿದ್ದರೆ ಅದು 1949ಕ್ಕೆ ಹಿಂದಿನದಾಗಿರಲಾರದು.

ನಾಲ್ಕನೆಯದು ರಿಪೇರಿಯವರ ಬರಹ. ಕೆಲಸ ಮುಗಿಸಿದ ದಿನಾಂಕವನ್ನು ಪೆಟ್ಟಿಗೆಯ ಒಳಗೆ ಸೀಸದ ಕಡ್ಡಿಯಿಂದ ಬರೆದಿಡುವ ಒಳ್ಳೆಯ ಅಭ್ಯಾಸ ಅನೇಕರಿಗಿತ್ತು. ಈ ಪೆಟ್ಟಿಗೆಯ ಬಾಗಿಲಿನ ಒಳಮೈಯಲ್ಲಿ 1924, 1938, 1957, 1971 ಎಂದು ನಾಲ್ಕು ಕೈಗಳ ನಾಲ್ಕು ಬರಹಗಳಿದ್ದವು. ಅಲ್ಲಿಗೆ ಗಡಿಯಾರ 1924ಕ್ಕೆ ಮೊದಲೇ ಇತ್ತೆಂಬುದು ಸಿದ್ಧವಾಯಿತು. ವಯಸ್ಸು ನೂರನ್ನು ದಾಟಿದೆ.

ಐದನೆಯದು, ಪೆಟ್ಟಿಗೆಯೂ ಯಂತ್ರವೂ ಹುಟ್ಟಿನಿಂದ ಜೊತೆಯಾದುವೇ ಎಂಬುದು. ಹಲಗೆಯಲ್ಲಿ ಬಳಕೆಯಿಲ್ಲದ ಹಳೆಯ ತಿರುಪಿನ ತೂತುಗಳು ಕಂಡರೆ ಬೇರೆ ಗಡಿಯಾರದ ಯಂತ್ರವನ್ನು ತಂದು ಕೂರಿಸಿದ್ದಾರೆಂದು ಊಹಿಸಬಹುದು. ಇಲ್ಲಿ ಅಂಥ ತೂತುಗಳಿರಲಿಲ್ಲ. ಇದು ಗಡಿಯಾರದ ಕಡೆಗೆ ಒಂದು ಒಳ್ಳೆಯ ಮಾತು.

ಕಡೆಯದು ಆರೋಗ್ಯ. ಹಲ್ಲುಚಕ್ರಗಳ ಕಡ್ಡಿಗಳು ಕೂರುವ ತೂತುಗಳು ದುಂಡಾಗಿರಬೇಕು. ಸವೆದು ಮೊಟ್ಟೆಯ ಆಕಾರಕ್ಕೆ ಬಂದಿದ್ದರೆ ಹಲ್ಲು ಹಲ್ಲಿಗೆ ಸರಿಯಾಗಿ ಕೂಡುವುದಿಲ್ಲ. ಇಲ್ಲಿ ಎರಡು ತೂತುಗಳು ಹಾಗೆ ಸವೆದಿದ್ದವು. ಯಂತ್ರದ ತುಂಬ ಕಪ್ಪಗೆ ಅಂಟಾದ ಜಿಡ್ಡು ಕಟ್ಟಿತ್ತು. ವಿಚಾರಿಸಲಾಗಿ, ಗಡಿಯಾರ ನಿಧಾನವಾದಾಗಲೆಲ್ಲ ಮನೆಯವರು ಕೊಬ್ಬರಿಯೆಣ್ಣೆ ಬಿಡುತ್ತಿದ್ದರಂತೆ. ಅಡುಗೆಯ ಎಣ್ಣೆಗಳು ಬರಬರುತ್ತ ಗೋಂದಿನಂತಾಗಿ ಧೂಳನ್ನು ಹಿಡಿದುಕೊಳ್ಳುತ್ತವೆ. ಆ ಧೂಳು ಅರದಂತೆ ಲೋಹವನ್ನು ತಿನ್ನುತ್ತದೆ. ಗಡಿಯಾರಕ್ಕೆಂದೇ ಮಾಡಿದ ಎಣ್ಣೆಯನ್ನು ಬಲ್ಲವನ ಕೈಯಿಂದ ಒಂದೊಂದು ತೊಟ್ಟು ಹಾಕಿಸಬೇಕಲ್ಲದೆ ಬೇರೆ ಉಪಾಯವಿಲ್ಲ. ಇನ್ನೊಂದು ಎಚ್ಚರಿಕೆಯ ಮಾತು: ಕೀಲಿ ತುಂಬಿದ ಯಂತ್ರದ ಎರಡು ತಗಡುಗಳನ್ನು ಯಾರೂ ಮನೆಯಲ್ಲಿ ಬಿಚ್ಚಬಾರದು. ಒಳಗೆ ಸುತ್ತಿಕೊಂಡಿರುವ ಉಕ್ಕಿನ ಸುರುಳಿ ಒಮ್ಮೆಲೆ ಬಿಚ್ಚಿಕೊಂಡು ಕೈಗೆ ಬಲವಾದ ಗಾಯ ಮಾಡಬಲ್ಲದು.

ಪರೀಕ್ಷೆ ಮುಗಿಯಿತು, ಇನ್ನು ಬೆಲೆ. ಎರಡು ಲಕ್ಷವೆಂದು ಕಿರಿಯವನು ಕಂಡದ್ದು ಸುಳ್ಳಲ್ಲ. ಆದರೆ ಅದು ಮಾರುವವನು ಕೇಳಿದ ಬೆಲೆಯೇ ಹೊರತು ಕೊಳ್ಳುವವನು ಕೊಟ್ಟ ಬೆಲೆಯಲ್ಲ. ಕೇಳುವುದಕ್ಕೆ ಹಣ ಬೇಕಾಗುವುದಿಲ್ಲ. ಆದಕಾರಣ ನಾವು ಹಳೆಯ ಸಾಮಾನುಗಳನ್ನು ಕೊಂಡು ಮಾರುವ ಇಬ್ಬರಲ್ಲಿಗೆ, ಯಾರದೆಂದೂ ಯಾತಕ್ಕೆಂದೂ ಹೇಳದೆ, ಗಡಿಯಾರವನ್ನು ಒಯ್ದು ತೋರಿಸಿದೆವು. ಒಬ್ಬನು ನಾಲ್ಕು ಸಾವಿರವೆಂದನು. ಇನ್ನೊಬ್ಬನು ಮುಖ ಹೊಸದೆಂಬುದನ್ನು ಕಂಡುಹಿಡಿದೂ ಐದು ಸಾವಿರಕ್ಕೆ ಬಂದನು. ಸವೆದ ತೂತುಗಳನ್ನು ಸರಿಮಾಡಿ, ಯಂತ್ರವನ್ನು ತೊಳೆದು ಎಣ್ಣೆ ಹಾಕುವುದಕ್ಕೆ ಎರಡೂವರೆ ಸಾವಿರವಾಗುವುದೆಂದು ರಿಪೇರಿಯವನು ಹೇಳಿದನು. ಇದೇ ಪೇಟೆಯ ಮಾತು.

ಮರುದಿನ ಮನೆಯವರನ್ನೆಲ್ಲ ನಡುಮನೆಯಲ್ಲಿ ಕೂರಿಸಿ ನಾವು ತೀರ್ಪನ್ನು ಓದಿದೆವು. ಓದಿ ಮುಗಿಸಿದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಲಕ್ಷದ ಮಾತಿದ್ದಾಗ ತನಗೆ ತನಗೆಂದು ಎಳೆದಾಡುತ್ತಿದ್ದವರಲ್ಲಿ ಕಿರಿಯವನು, “ಹಾಗಾದರೆ ಅಣ್ಣನೇ ಇಟ್ಟುಕೊಳ್ಳಲಿ” ಎಂದನು. ಹಿರಿಯವನು, “ನನಗೇತಕ್ಕೆ? ಎರಡೂವರೆ ಸಾವಿರ ಖರ್ಚುಮಾಡಿ ಐದು ಸಾವಿರದ್ದನ್ನು ಇಟ್ಟುಕೊಳ್ಳಲೇ? ಅವನೇ ಕೊಂಡುಹೋಗಲಿ” ಎಂದನು. ಹೆಚ್ಚಿನ ಬೆಲೆಯಿಂದ ಹುಟ್ಟಿದ ಜಗಳಕ್ಕಿಂತ ಕಡಮೆಯ ಬೆಲೆಯಿಂದ ಹುಟ್ಟಿದ ಈ ಔದಾರ್ಯ ನಮಗೆ ಹೆಚ್ಚು ನೋವನ್ನು ಕೊಟ್ಟಿತು.

ಆಗ ಕಂಬಕ್ಕೆ ಒರಗಿ ಕುಳಿತಿದ್ದ ತಾಯಿ ಮಾತಾಡಿದರು. ಅವರಿಗೆ ಎಂಬತ್ತನಾಲ್ಕು ವರ್ಷ. ಕಣ್ಣು ಬಹುಮಟ್ಟಿಗೆ ಹೋಗಿ, ಬೆಳಕು ನೆರಳುಗಳಷ್ಟೇ ಉಳಿದಿವೆ. “ಅರಮನೆಯೂ ಇಲ್ಲ, ಗಿರಮನೆಯೂ ಇಲ್ಲ ಮೇಷ್ಟ್ರೇ. ಯಾವುದೋ ಕಚೇರಿಯ ಸಾಮಾನು ಹರಾಜಾದಾಗ ಇವರ ತಾತ ತಂದದ್ದು ಅದು. ನಮ್ಮತ್ತೆ ಹೇಳುತ್ತಿದ್ದರು. ಇವರಪ್ಪ ಅದನ್ನು ಅರಮನೆಯ ಗಡಿಯಾರ ಅಂತ ಮಕ್ಕಳಿಗೆ ತಮಾಷೆಗೆ ಹೇಳಿದರೋ ಏನೋ” ಎಂದರು. ಹಲಗೆಯ ಮೇಲಿನ 17 ಎಂಬ ಅಂಕೆ ಕಚೇರಿಯ ಸಾಮಾನಿನ ಪಟ್ಟಿಯದೆಂದು ಆಗ ನಮಗೆ ಹೊಳೆಯಿತು. ನಾವು ಎರಡು ದಿನ ಭೂತಗನ್ನಡಿ ಹಿಡಿದು ಹುಡುಕಿದ್ದು ಈಕೆಯ ನಾಲಗೆಯ ತುದಿಯಲ್ಲಿತ್ತು. ಯಾರೂ ಈಕೆಯನ್ನು ಕೇಳಿರಲಿಲ್ಲ.

ಅವರು ಮುಂದುವರಿಸಿ, “ಬೆಲೆ ಎಷ್ಟಾದರೂ ಆಗಲಿ, ಅದನ್ನು ಮತ್ತೆ ಗೋಡೆಗೆ ಹಾಕುತ್ತೀರೋ ಇಲ್ಲವೋ ಅಷ್ಟು ಹೇಳಿ. ನನಗೆ ಹೊತ್ತು ತಿಳಿಯದೆ ತಿಂಗಳ ಮೇಲಾಯಿತು” ಎಂದರು. ಆಗ ಹಿರಿಯ ಸೊಸೆ ತಲೆ ತಗ್ಗಿಸಿಕೊಂಡು ಹೇಳಿದ್ದೇನೆಂದರೆ: ಅತ್ತೆಯವರು ಬೆಳಗಿನ ಮಾತ್ರೆಯನ್ನು ಎಂಟು ಹೊಡೆದಾಗಲೂ ರಾತ್ರಿಯ ಮಾತ್ರೆಯನ್ನು ಒಂಬತ್ತು ಹೊಡೆದಾಗಲೂ ತಾವೇ ಕೇಳಿ ತೆಗೆದುಕೊಳ್ಳುತ್ತಿದ್ದರು, ಗಡಿಯಾರ ಬೀರುವನ್ನು ಸೇರಿದ ಮೇಲೆ ಅದು ಎಷ್ಟೋ ದಿನ ತಪ್ಪಿಹೋಯಿತು. ಒಂದು ದಿನ ಬೆಳಗಾಯಿತೆಂದು ನಡುರಾತ್ರಿಯಲ್ಲಿ ಎದ್ದು, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಒದ್ದೆಯ ನೆಲದ ಮೇಲೆ ನಿಂತಿದ್ದವರನ್ನು ತಾನು ಕಂಡು ಕರೆತಂದೆನೆಂದಳು.

ಕಿರಿಯವನ ಕಣ್ಣಲ್ಲಿ ನೀರು ಬಂದಿತು. “ಅಮ್ಮ, ನಾಳೆಯೇ ನಿನಗೆ ಮಾತಾಡುವ ಗಡಿಯಾರ ತಂದುಕೊಡುತ್ತೇನೆ. ಗುಂಡಿ ಒತ್ತಿದರೆ ಗಂಟೆ ಎಷ್ಟೆಂದು ಕನ್ನಡದಲ್ಲಿಯೇ ಹೇಳುವಂಥದ್ದು ಎಲ್ಲಿಯಾದರೂ ಹುಡುಕುತ್ತೇನೆ” ಎಂದನು.

“ಅಲ್ಲ ಕಣೋ, ಅದಕ್ಕೆ ನಾನು ಕೇಳಬೇಕು, ಅದು ಹೇಳಬೇಕು. ಇದು ಕೇಳದೆಯೇ ಹೇಳುತ್ತದೆ” ಎಂದರು ತಾಯಿ.

ಬೆಲೆಕಟ್ಟುವುದಕ್ಕೆಂದು ಕುಳಿತ ನಾವೂ ಒಂದು ಮುಖ್ಯವಾದ ಪ್ರಶ್ನೆಯನ್ನು ಬಿಟ್ಟಿದ್ದೆವೆಂಬುದು ಆಗ ತಿಳಿಯಿತು. ಮರ, ಮುಖ, ಯಂತ್ರ, ಮುದ್ರೆ, ಸವೆತ ಎಲ್ಲವನ್ನೂ ಬರೆದ ಆ ಕಾಗದದಲ್ಲಿ, ಈ ಗಡಿಯಾರ ಈ ಮನೆಯಲ್ಲಿ ಯಾರಿಗೆ ಏನು ಕೆಲಸ ಮಾಡುತ್ತಿತ್ತೆಂಬುದು ಇರಲಿಲ್ಲ. ಗಂಟೆಗೂ ಅರ್ಧಗಂಟೆಗೂ ಬಡಿಯುವ ಗಡಿಯಾರ ದಿನಕ್ಕೆ 180 ಪೆಟ್ಟು, ವರ್ಷಕ್ಕೆ 65,700 ಪೆಟ್ಟು ಹೊಡೆಯುತ್ತದೆ. ಕಣ್ಣುಳ್ಳವರಿಗೆ ಅದು ಬರಿಯ ಸದ್ದು. ಕಣ್ಣಿಲ್ಲದವರಿಗೆ ಅದೇ ದಿನಚರಿ. ಸಂಸ್ಕೃತದಲ್ಲಿ ಅರ್ಘವೆಂಬ ಶಬ್ದಕ್ಕೆ ಕೋಶಕಾರರು ಬೆಲೆಯೆಂದೂ ಪೂಜೆಯೆಂದೂ ಎರಡು ಅರ್ಥಗಳನ್ನು ಹೇಳಿದ್ದಾರೆ. ನಾವು ಮಕ್ಕಳಿಗೆ ಇದನ್ನು ಎಷ್ಟೋ ಸಲ ಪಾಠ ಹೇಳಿದ್ದೆವು. ಒಂದನೆಯ ಅರ್ಥದ ಅರ್ಘ ಈ ಗಡಿಯಾರಕ್ಕೆ ಐದು ಸಾವಿರ ರೂಪಾಯಿ. ಎರಡನೆಯ ಅರ್ಥದ್ದನ್ನು ತೂಗುವ ತಕ್ಕಡಿ ಆ ಮನೆಯಲ್ಲಿಯೇ ಇತ್ತು, ಪೇಟೆಯಲ್ಲಿರಲಿಲ್ಲ.

ಹೀಗೆಂದ ಮಾತ್ರಕ್ಕೆ ಹಳೆಯದನ್ನೆಲ್ಲ ಇಟ್ಟುಕೊಳ್ಳಬೇಕೆಂದು ನಮ್ಮ ಅಭಿಪ್ರಾಯವಲ್ಲ. ಹೊತ್ತನ್ನು ಸರಿಯಾಗಿ ತೋರಿಸುವುದೇ ಮುಖ್ಯವಾದರೆ, ಇಂದು ಗುಜರಾತಿನ ಮೋರ್ಬಿಯಿಂದ ಬರುವ ಅಗ್ಗದ ಗಡಿಯಾರವೂ ಈ ಲೋಲಕದ ಗಡಿಯಾರವನ್ನು ಸುಲಭವಾಗಿ ಸೋಲಿಸುತ್ತದೆ. ಅದರೊಳಗಿನ ಸ್ಫಟಿಕ ಶಿಲೆಯ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಲೋಲಕಕ್ಕೆ ಆ ನಿಯಮವೆಲ್ಲಿಂದ ಬರಬೇಕು? ಉಕ್ಕಿನ ಕಡ್ಡಿಯ ಲೋಲಕವಾದರೆ ಬೇಸಗೆಯಲ್ಲಿ ಹತ್ತು ಡಿಗ್ರಿ ಶಾಖ ಏರಿದ ಮಾತ್ರಕ್ಕೆ ಕಡ್ಡಿ ಉದ್ದವಾಗಿ, ಗಡಿಯಾರವು ದಿನಕ್ಕೆ ಸುಮಾರು ಐದು ಸೆಕೆಂಡು ಹಿಂದೆ ಬೀಳುತ್ತದೆ. ಯಾರಿಗೂ ಬೇಡವಾದ ಗಡಿಯಾರವನ್ನು ಬೇಕಾದವರಿಗೆ ಮಾರುವುದರಲ್ಲಿ ತಪ್ಪೇನೂ ಇಲ್ಲ. ಮಾರುವ ಮೊದಲು ಯಾರಿಗೂ ಬೇಡವೆಂಬುದು ನಿಶ್ಚಯವಾಗಿರಬೇಕು, ಅಷ್ಟೆ.

ಆ ಮನೆಯ ಗಡಿಯಾರ ರಿಪೇರಿಯಾಗಿ ಬಂದಿತು. ಖರ್ಚನ್ನು ಕಿರಿಯವನು ತಾನೇ ಕೊಟ್ಟನು. ತೂಗುಹಾಕುವಾಗ ನಾವೂ ಹೋಗಿದ್ದೆವು. ಹೊಸದಾಗಿ ತೂಗುಹಾಕಿದಾಗ ಲೋಲಕದ ಎರಡು ಸದ್ದುಗಳ ನಡುವಣ ಕಾಲ ಸಮನಾಗಿರಬೇಕು; ಕುಂಟುವವನ ಹೆಜ್ಜೆಯಂತೆ ಕೇಳಿಸಿದರೆ ಪೆಟ್ಟಿಗೆಯ ತಳವನ್ನು ಎಡಕ್ಕೋ ಬಲಕ್ಕೋ ತುಸು ಸರಿಸಿ ಸಮ ಮಾಡಬೇಕು. ಗಡಿಯಾರ ಹಿಂದೆ ಬಿದ್ದರೆ ಲೋಲಕದ ಬಿಲ್ಲೆಯನ್ನು ಮೇಲಕ್ಕೂ ಮುಂದೆ ಹೋದರೆ ಕೆಳಕ್ಕೂ ತಿರುಪಿನಿಂದ ಸರಿಸಬೇಕು. ಅರ್ಧ ಸೆಕೆಂಡಿಗೊಮ್ಮೆ ಬಡಿಯುವ, ಸುಮಾರು 25 ಸೆಂಟಿಮೀಟರ್ ಉದ್ದದ ಲೋಲಕದಲ್ಲಿ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ ದಿನಕ್ಕೆ ಹೆಚ್ಚುಕಡಮೆ ಮೂರು ನಿಮಿಷದ ವ್ಯತ್ಯಾಸ ಬರುವುದರಿಂದ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಒಂದು ದಿನ ಕಾಯಬೇಕು. ಇಷ್ಟನ್ನು ಹಿರಿಯವನಿಗೆ ಹೇಳಿಕೊಟ್ಟೆವು. ಭಾನುವಾರಕ್ಕೊಮ್ಮೆ ಕೀಲಿ ಕೊಡುವ ಕೆಲಸವನ್ನು ಅವನ ಹತ್ತು ವರ್ಷದ ಮಗಳು ಕೇಳಿ ತೆಗೆದುಕೊಂಡಳು.

ತಾಯಿ ಹೇಳಿದ ಹರಾಜಿನ ಸಂಗತಿಯನ್ನೂ ನಾಲ್ಕು ರಿಪೇರಿಗಳ ವರ್ಷಗಳನ್ನೂ ಈ ಸಲದ್ದನ್ನೂ ಒಂದು ಕಾಗದದಲ್ಲಿ ಬರೆದು, ಮಡಿಸಿ, ಪೆಟ್ಟಿಗೆಯೊಳಗೆ ಇಟ್ಟೆವು. ವಾಚಕರೂ ತಮ್ಮ ಮನೆಯ ಗಡಿಯಾರದ ವಿಷಯದಲ್ಲಿ ಹೀಗೆಯೇ ಮಾಡಬೇಕೆಂದು ನಮ್ಮ ಪ್ರಾರ್ಥನೆ. ಹಳೆಯ ಸಾಮಾನಿನವನನ್ನು ಕೇಳುವ ಮೊದಲು ಮನೆಯ ಹಿರಿಯರನ್ನು ಕೇಳಿರಿ; ಅವರು ಹೇಳಿದ್ದನ್ನು, ಅರಮನೆಯ ಕಥೆಗಿಂತ ಸಪ್ಪೆಯಾಗಿದ್ದರೂ, ಹಾಗೆಯೇ ಬರೆದಿಡಿರಿ. ಹೇಳುವವರು ಇನ್ನೂ ಇರುವಾಗ ಮಾತ್ರ ಮಾಡಬಹುದಾದ ಕೆಲಸ ಅದು.

ನಾವು ಹೊರಡುವ ಹೊತ್ತಿಗೆ ಸಂಜೆ ಆರು ಹೊಡೆಯಿತು. ಕಂಬದ ಬಳಿ ಕುಳಿತಿದ್ದ ತಾಯಿ ಬೆರಳು ಮಡಿಸಿ ಎಣಿಸಿ, “ದೀಪ ಹಚ್ಚಮ್ಮ” ಎಂದು ಸೊಸೆಗೆ ಕೂಗಿ ಹೇಳಿದರು.